ಬಿಳಿ ಗೋಡೆಯ ಚುಕ್ಕೆ

ನರಸಿಂಹ ನಡುಮನೆಯ ಗೋಡೆಯಿಂದ ಕ್ಯಾಲೆಂಡರ್ ತೆಗೆದು ಮಂಚದ ಮೇಲೆ ಎಸೆದ. ಮೊಳೆಯನ್ನೂ ಕಿತ್ತು, ಅದರ ತೂತಿಗೆ ಟೂತ್‌ಪೇಸ್ಟ್ ಮೆತ್ತಿದ. ಈಗ ಗೋಡೆ ಒಂದು ಕಲೆಯೂ ಇಲ್ಲದಂತೆ ಬೆಳ್ಳಗಾಯಿತು.

“ಭಾನುವಾರ ಮಧ್ಯಾಹ್ನ ಗೋಡಿ ಜೋಡಿ ಏನ್ ಜಗಳರಿ ನಿಮ್ದು?” ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿ ಕೋಕಿಲಾ ಕೇಳಿದಳು.

“ಕ್ಯಾಮೆರಾದಾಗ ಧೂಳು ಹೊಕ್ಕೈತಿ. ನಾಳೆ ಸಂಜೀಕ ಶಿವಶರಣಪ್ಪನ ಮೊಮ್ಮಗಳ ತೊಟ್ಟಿಲ ಕಾರ್ಯಕ್ರಮ. ಕೂಸಿನ ಗಲ್ಲದ ಮ್ಯಾಲ ಕರೀ ಚುಕ್ಕಿ ಬಿದ್ರ ಹೆಣಮಕ್ಕಳು ದೃಷ್ಟಿಬೊಟ್ಟು ಅಂತ ಸುಮ್ಮನಿರ್ತಾರ. ಶಿವಶರಣಪ್ಪ ಬಿಡಂಗಿಲ್ಲ.”

ನರಸಿಂಹನಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ. ರಜೆ ಬಂದರೆ ಪರಿಚಯದವರ ಮನೆಗಳಲ್ಲಿ ಫೋಟೊ ತೆಗೆಯುತ್ತಿದ್ದ. ಸುಲ್ತಾನ್ ಬಜಾರ್‌ನ ಅಂಗಡಿಯೊಂದರಲ್ಲಿ ಕೊಂಡ ಈ ಹಳೆಯ ಕ್ಯಾಮೆರಾ ಮೆಹದಿಪಟ್ಟಣದ ಈ ಮನೆಗೆ ಬಂದು ಇನ್ನೂ ವಾರವಾಗಿರಲಿಲ್ಲ. ಲೆನ್ಸಿನ ಕಿಂಡಿಯನ್ನು ಆದಷ್ಟು ಚಿಕ್ಕದು ಮಾಡಿ, ಗೋಡೆಗೆ ಗುರಿಯಿಟ್ಟು, ಕೈಯನ್ನು ಬೇಕೆಂದೇ ಅಲುಗಾಡಿಸುತ್ತ ಅವನು ಒಂದು ಫೋಟೊ ತೆಗೆದ.

“ಕೈ ಅಲುಗಿಸಿದ್ರ ಗೋಡಿ ಕಲೆ ಎಲ್ಲಾ ಕಲಸಿಹೋಗತಾವ. ಒಳಗ ಸೆನ್ಸರ್ ಮ್ಯಾಲ ಕುಂತ ಧೂಳು ಮಾತ್ರ ಇದ್ದಲ್ಲೇ ಗಟ್ಟಿಯಾಗಿ ಕಾಣತೈತಿ,” ಎಂದ. ಚಿತ್ರ ಬಂದು ಬೀಳುವ, ಉಗುರಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ಚೌಕಕ್ಕೆ ಸೆನ್ಸರ್ ಅನ್ನುತ್ತಾರೆಂದು ಹಿಂದಿನ ದಿನವಷ್ಟೇ ಹೇಳಿಕೊಟ್ಟಿದ್ದ.

ಕೋಕಿಲಾಳಿಗೆ ಇದು ತಟ್ಟನೆ ಅರ್ಥವಾಯಿತು. ಅವಳದೂ ಇಂಥದೇ ಕೆಲಸ. ಪಟಾನ್‌ಚೆರುವಿನ ಇಂಜೆಕ್ಷನ್ ಕಾರ್ಖಾನೆಯಲ್ಲಿ ಔಷಧದ ಪುಟ್ಟ ಬಾಟಲಿಗಳನ್ನು ಒಂದೊಂದಾಗಿ ಎತ್ತಿ, ಗಿರ್ರನೆ ತಿರುವಿ, ನಿಲ್ಲಿಸಿ, ದೀಪದ ಮುಂದೆ ಹಿಡಿದು ನೋಡಬೇಕು. ನಿಂತ ಮೇಲೂ ತೇಲುತ್ತಿರುವುದು ಔಷಧದೊಳಗಿನ ಕಸ. ಅಲುಗದೆ ಇರುವುದು ಗಾಜಿನ ಗೀರು. ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿ ಹಿಡಿದ ಕುರ್ಚಿ ಅದು. ಅಲ್ಲಿ ಕೂತು ವರ್ಷಗಳೇ ಆದರೂ, ಬಾಟಲಿಯೊಂದನ್ನು ಪಾಸು ಮಾಡಿದ ಮೇಲೆ ಅವಳ ಕೈ ಒಂದು ಕ್ಷಣ ಅದರ ಮೇಲೇ ಉಳಿಯುತ್ತಿತ್ತು. ನಾಳೆ ಕಾರ್ಖಾನೆಯಲ್ಲಿ ಎಲ್ಲರ ಕಣ್ಣಿನ ಪರೀಕ್ಷೆ ಬೇರೆ. ಅದರ ದಿಗಿಲಿಗೆ ವಾರದಿಂದ ಅವಳಿಗೆ ಸರಿಯಾಗಿ ಊಟ ಸೇರಿರಲಿಲ್ಲ.

ಫೋಟೊವನ್ನು ದೊಡ್ಡದು ಮಾಡಿ ನೋಡಿದರು. ಅಲ್ಲಲ್ಲಿ ಮಸುಕು ಮಸುಕಾದ ಬೂದು ಮಚ್ಚೆಗಳು. ಎಡ ಮೂಲೆಯಲ್ಲಿ ಒಂದು ಮಾತ್ರ ಕಪ್ಪಗೆ, ಎಳ್ಳು ಕಾಳಿನಷ್ಟು.

“ಅದು ನಿಮಗೂ ಕಾಣಾಕತ್ತೈತೇನ್ರಿ?”

“ಕಾಣದೇನು? ನಿನ್ನ ಕಣ್ಣಿಗೆ ಏನೂ ಆಗಿಲ್ಲ ಮಾರಾಯ್ತಿ. ನಾಳೆ ಡಾಕ್ಟರ್‌ಗೇ ನೀ ಕಣ್ಣು ಪರೀಕ್ಷೆ ಮಾಡಿ ಬಾ,” ಎಂದು ನಕ್ಕ.

ಲೆನ್ಸ್ ಬಿಚ್ಚಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಹಿಡಿದು, ರಬ್ಬರಿನ ಉಂಡೆಯಿಂದ ಫುಸ್ ಫುಸ್ ಎಂದು ಗಾಳಿ ಊದಿದ. ಬೂದು ಮಚ್ಚೆಗಳು ಹೋದವು, ಕರಿ ಚುಕ್ಕೆ ಹೋಗಲಿಲ್ಲ. ಚಪ್ಪಟೆ ಕಡ್ಡಿಯ ಬಟ್ಟೆಗೆ ಎರಡು ಹನಿ ದ್ರವ ಹಾಕಿ, ಉಸಿರು ಬಿಗಿಹಿಡಿದು, ಸೆನ್ಸರನ್ನು ಒಂದೇ ಬೀಸಿಗೆ ಒರೆಸಿದ. ಮತ್ತೆ ಫೋಟೊ. ಚುಕ್ಕೆ ಎಡ ಮೂಲೆಯಲ್ಲಿ ಇರಲಿಲ್ಲ. ಗೋಡೆಯ ನಡುವಿಗೆ ಬಂದಿತ್ತು.

“ಒರೆಸಿದ್ದಕ್ಕ ಸರಿದೈತಿ,” ಎಂದ ನರಸಿಂಹ.

ಕೋಕಿಲಾ ಒಪ್ಪಿದಳು. ಆದರೆ ಅವನು ಏನನ್ನೂ ಮುಟ್ಟದೆ ಸುಮ್ಮನೆ ಇನ್ನೊಂದು ತೆಗೆದಾಗ ಚುಕ್ಕೆ ಮತ್ತೆ ಸರಿದಿತ್ತು. ಬಲಕ್ಕೆ. ಅವಳು ಬಲಗಡೆಯೇ ನಿಂತಿದ್ದಳು.

“ಆ ಗೋಡಿ ಮುಂದ ಕುಂದ್ರು. ಮಾರಿ ಮ್ಯಾಲ ಬಂದ್ರ ಹೆಂಗ ಕಾಣತೈತಿ ನೋಡೋಣು.”

ಕುರ್ಚಿ ಹಾಕಿಕೊಂಡು ಕೂತಳು. ಮೊದಲನೆಯ ಫೋಟೊದಲ್ಲಿ ಚುಕ್ಕೆ ಅವಳ ಹೆಗಲ ಹತ್ತಿರವಿತ್ತು. ಎರಡನೆಯದರಲ್ಲಿ ಕಿವಿಯ ಪಕ್ಕ. ಅವಳಾಗಿಯೇ ಎದ್ದು ಕುರ್ಚಿಯನ್ನು ಗೋಡೆಯ ಆ ತುದಿಗೆ ಎಳೆದುಕೊಂಡಳು. ಚುಕ್ಕೆಯೂ ಆ ತುದಿಗೆ ಬಂದಿತ್ತು.

ನರಸಿಂಹ ಈ ಸಲ ನಗಲಿಲ್ಲ. ಹೊರಗೆ ಓಣಿಯಲ್ಲಿ ತರಕಾರಿ ಗಾಡಿಯವನು ತೆಲುಗಿನಲ್ಲಿ ಕೂಗುತ್ತ ಹೋದ.

“ಧೂಳು ಹಿಂಗ ಬೆನ್ನ ಹತ್ತಂಗಿಲ್ಲಲ್ಲರಿ,” ಎಂದಳು ಕೋಕಿಲಾ ಮೆಲ್ಲಗೆ.

“ಒಂದ ಒಂದು ತಗೀತೀನಿ. ಆಮ್ಯಾಲ ಇದನ್ನ ಅಂಗಡಿಗೇ ವಾಪಸ್ ಕೊಟ್ಟು ಬರ್ತೀನಿ.”

ತೆಗೆದ. ಆ ಫೋಟೊದಲ್ಲಿ ಚುಕ್ಕೆ ಎಲ್ಲೂ ಇರಲಿಲ್ಲ. ಬರೀ ಗೋಡೆಯದು ತೆಗೆದು ನೋಡಿದ, ತೊಳೆದಿಟ್ಟಂತಿತ್ತು. “ಹೋತು ನೋಡು! ಸುಮ್ಮನ ಹೆದರಿಸಿದಿ ನನ್ನ,” ಎಂದು ಅವನ ಮುಖ ಅರಳಿತು.

ಕೋಕಿಲಾ ಕ್ಯಾಮೆರಾ ಇಸಿದುಕೊಂಡು ಆ ಫೋಟೊದಲ್ಲಿ ತನ್ನ ಮುಖವನ್ನು ದೊಡ್ಡದು ಮಾಡಿದಳು. ಎಡಗಣ್ಣು ಪರದೆ ತುಂಬುವಷ್ಟು ದೊಡ್ಡದು ಮಾಡಿದಳು. ಕಣ್ಣಿನ ನಡುವೆ ಎಲ್ಲರಿಗೂ ಇರುವಂಥದೇ ಕಪ್ಪು. ಆ ಕಪ್ಪಿನಲ್ಲಿ ಇನ್ನೊಂದು ಕಪ್ಪು ಇದ್ದರೆ ಗೊತ್ತಾಗುವ ಬಗೆ ಹೇಗೆ?

ಮರುದಿನ ಕಾರ್ಖಾನೆಯ ಬಸ್ಸು ಇಳಿದವಳು ನೇರವಾಗಿ ಕಣ್ಣಿನ ಪರೀಕ್ಷೆಗೆ ಹೋದಳು. ಕಣ್ಣಿನ ಡಾಕ್ಟರು ತೋರಿಸಿದ ಅಕ್ಷರಗಳನ್ನೆಲ್ಲ ಕೊನೆಯ ಸಾಲಿನವರೆಗೆ ಓದಿದಳು. ಓದುವಾಗ ಎಡಗಣ್ಣಿನಲ್ಲಿ ಏನೋ ಒಂದು, ದಾರಿ ಬಿಡುವವರ ಹಾಗೆ, ಅಕ್ಷರದಿಂದ ಅಕ್ಷರಕ್ಕೆ ಪಕ್ಕಕ್ಕೆ ಸರಿದುಕೊಳ್ಳುತ್ತಿತ್ತು. ಡಾಕ್ಟರು ದೀಪ ಬಿಟ್ಟು ನೋಡಿ, “ಫಸ್ಟ್ ಕ್ಲಾಸ್” ಎಂದರು. ಹೇಳಿಬಿಡಬೇಕು ಎಂದುಕೊಂಡಳು. ಹೇಳಿದರೆ ಕುರ್ಚಿ ಹೋಗುತ್ತದೆ. ಫಸ್ಟ್ ಕ್ಲಾಸ್ ಎಂದು ಅವರೇ ಅಂದಮೇಲೆ ನಾನ್ಯಾಕೆ ಬಾಯಿಬಿಡಲಿ ಎಂದೂ ಅನ್ನಿಸಿತು. ಬಾಯಿ ಬಿಡಲಿಲ್ಲ.

ಗೌನು, ಟೋಪಿ, ಮಾಸ್ಕು ಹಾಕಿಕೊಂಡು ದೀಪದ ಮುಂದೆ ಕೂತಳು. ಎದುರಿಗೆ ಅರ್ಧ ಬಿಳಿ, ಅರ್ಧ ಕಪ್ಪು ಹಲಗೆ. ಮೊದಲ ಬಾಟಲಿ ಎತ್ತಿ, ತಿರುವಿ, ಹಿಡಿದಳು. ಗುಳ್ಳೆಯಾದರೆ ಮೇಲೇರುತ್ತದೆ, ಕಸವಾದರೆ ಕೆಳಗಿಳಿಯುತ್ತದೆ. ಇದು ಏರಲೂ ಇಲ್ಲ, ಇಳಿಯಲೂ ಇಲ್ಲ. ಔಷಧದ ನಟ್ಟನಡುವೆ ಕಪ್ಪಗೆ ನಿಂತಿತು. ಎಡಗಣ್ಣು ಮುಚ್ಚಿದಳು. ಬಾಟಲಿ ತಿಳಿಯಾಯಿತು. ತೆರೆದಳು. ಅದು ಅಲ್ಲೇ ಇತ್ತು. ಎರಡನೆಯ ಬಾಟಲಿಯಲ್ಲೂ ಹಾಗೇ. ಮೂರನೆಯದರಲ್ಲೂ ಹಾಗೇ.

ನಿಜವಾದ ಕಸ ಇದರ ಮರೆಯಲ್ಲಿ ತಪ್ಪಿಸಿಕೊಂಡು ಹೋದರೆ? ಆ ಔಷಧ ಯಾವ ಊರಿನ ಯಾವ ಕೂಸಿನ ತೋಳಿಗೆ ಹೋಗುತ್ತದೋ? ಅವಳು ಎದ್ದು ಹೋಗಿ ಭಾಗ್ಯಶ್ರೀಯನ್ನು ಕರೆತಂದಳು. ಭಾಗ್ಯಶ್ರೀ ಬೀದರಿನವಳು, ಈ ಸಾಲಿನ ಮೇಲ್ವಿಚಾರಕಿ. ಅವಳು ನೋಡಿ ಬಿಟ್ಟರೆ ಮುಗಿಯಿತು, ಬಾಟಲಿ ಹೊರಗೆ ಹೋಗುತ್ತಿತ್ತು. ಆಮೇಲೆ ನೋಡುವವರು ಯಾರೂ ಇಲ್ಲ.

ಭಾಗ್ಯಶ್ರೀ ಕೋಕಿಲಾಳ ಕುರ್ಚಿಯಲ್ಲೇ ಕೂತು ಮೂರೂ ಬಾಟಲಿ ನೋಡಿದಳು. “ಎಲ್ಲಾ ಸಾಫ್ ಅದಾವಲ್ಲ. ಏನ್ ಕನಸ ಕಂಡಿ?”

“ನನ್ನ ಕಣ್ಣಾಗ ಏನೋ ಐತಿ ಅಕ್ಕಾ. ನನ್ನ ಈ ಕೆಲಸದಿಂದ ತಗೀರಿ. ಪ್ಯಾಕಿಂಗಿಗೆ ಹಾಕಿದ್ರೂ ನಡೀತೈತಿ.”

“ಡಾಕ್ಟರ್ ಈಗಷ್ಟ ಫಸ್ಟ್ ಕ್ಲಾಸ್ ಅಂದಾರ, ನೀ ನೋಡಿದ್ರ ಹಿಂಗಂತಿ! ಅರ್ಧ ಮಂದಿ ರಜಾದಾಗ ಅದಾರ, ನಾ ಯಾರನ್ನ ತರ್ಲಿ? ಎಲ್ಲಿ, ನನ್ನ ಕಣ್ಣಾಗ ಕಣ್ಣಿಟ್ಟು ನೋಡು. ಏನೈತಿ, ತೋರಿಸು.”

ಮಾಸ್ಕು ಟೋಪಿಗಳ ನಡುವೆ ಇಬ್ಬರದೂ ಕಣ್ಣುಗಳಷ್ಟೇ ಹೊರಗಿದ್ದವು. ಕೋಕಿಲಾ ನೋಡಿದಳು.

“ಏನೂ ಇಲ್ಲ. ಹೋಗು, ಮಾರಿ ತೊಳಕೊಂಡು ಬಾ. ಅಲ್ಲೀ ಮಟ ನಾ ಕುಂದರತೀನಿ,” ಎಂದಳು ಭಾಗ್ಯಶ್ರೀ.

ಬಾಗಿಲ ಕಡೆ ನಡೆಯುವಾಗ ಎದುರಿನ ಬಿಳಿ ಗೋಡೆ ಕೋಕಿಲಾಳಿಗೆ ನಿಚ್ಚಳವಾಗಿ ಕಂಡಿತು. ನಿಂತು ಬಲಗಣ್ಣು ಮುಚ್ಚಿದಳು. ಎಡಗಣ್ಣಿಗೂ ಗೋಡೆ ಪೂರ್ತಿ ಬಿಳಿ. ಎದೆಯ ಮೇಲಿನ ಭಾರ ಒಮ್ಮೆಲೇ ಇಳಿದು, ನಗು ಬರುವಷ್ಟು ಹಗುರಾಯಿತು. ಪರೀಕ್ಷೆ ಪಾಸು, ಕುರ್ಚಿಯೂ ತನ್ನದೇ, ಕಣ್ಣೂ ಸ್ವಚ್ಛ.

ಆಗ ಅವಳಿಗೆ ಹಿಂದೆ ಬಾಟಲಿ ಇಡುವ ಸದ್ದು ನಿಂತದ್ದು ಗಮನಕ್ಕೆ ಬಂತು.

ಭಾಗ್ಯಶ್ರೀ ಒಂದು ಬಾಟಲಿಯನ್ನು ಬಿಳಿ ಹಲಗೆಯ ಮುಂದೆ ಹಿಡಿದು ಕೂತಿದ್ದಳು. ತಿರುವಿದಳು, ಹಿಡಿದಳು. ಮತ್ತೆ ತಿರುವಿದಳು. ಇನ್ನೊಂದನ್ನು ಎತ್ತಿಕೊಂಡಳು.

“ಕೋಕಿಲಾ,” ಎಂದಳು, ತಿರುಗದೆ. “ದೀಪದ ಗಾಜಿನ ಮ್ಯಾಲ ಏನಾರ ಧೂಳು ಕುಂತೈತೇನ?”

ಹೌದು ಅಕ್ಕಾ, ಧೂಳೇ, ಎಂದು ಹೇಳಿ ಹೊರಗೆ ಹೋಗಿಬಿಡಬಹುದಿತ್ತು. ಕೋಕಿಲಾಳ ಕೈ ಬಾಗಿಲ ಹಿಡಿಯ ಮೇಲೇ ಇತ್ತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅವಳು ವಾಪಸು ಬಂದು, ಪಕ್ಕದ ಸ್ಟೂಲು ಎಳೆದುಕೊಂಡು ಭಾಗ್ಯಶ್ರೀಯ ಎದುರಿಗೆ ಕೂತಳು. ಕಣ್ಣಲ್ಲಿ ಕಣ್ಣಿಟ್ಟಾಗ ದಾಟಿ ಹೋದದ್ದು ಹಾಗೆಯೇ ಮರಳಿಯೂ ಬಂದೀತು; ಆದರೆ ಈ ಸಲ ಕುರ್ಚಿ ಹೋದರೆ ಮತ್ತೆ ಸಿಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

“ಬಾಟಲಿ ಇಡ್ರಿ ಅಕ್ಕಾ. ನನ್ನ ಕಡೆ ನೋಡ್ರಿ.”

“ಯಾಕ?”

“ನೋಡ್ರಿ, ಅಷ್ಟ.”

ಭಾಗ್ಯಶ್ರೀ ಹೆದರಿದ ಕಣ್ಣುಗಳನ್ನು ಮೆಲ್ಲಗೆ ಅವಳ ಕಡೆ ತಿರುಗಿಸಿದಳು. ಕೋಕಿಲಾ ರೆಪ್ಪೆ ಬಡಿಯಲಿಲ್ಲ.