ಹುಳ ಹಣ್ಣಾಗುವ ದಿನ

ಶಿಡ್ಲಘಟ್ಟದ ಸೀಮೆಯಲ್ಲಿ ಒಂದು ಸಣ್ಣ ಪೊಲೀಸ್ ಠಾಣೆ. ಅದರ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ನಾಳೆ ನನ್ನನ್ನೇ ಕರೆಸಿ ಕೂರಿಸುತ್ತಾರೆ. ಅಲ್ಲಿನ ಹೆಡ್ ಕಾನ್‌ಸ್ಟೇಬಲ್ ಚನ್ನಕೇಶವ ಬರವಣಿಗೆಯಲ್ಲಿ ಎತ್ತಿದ ಕೈ. ಯಾವ ಗಲಾಟೆಯಾದರೂ ಅದನ್ನು ಯಾರ ಮೈಗೂ ತಾಗದ ಹಾಗೆ ಬರೆದುಕೊಡುತ್ತಿದ್ದ. ಲಾಠಿ ಏಟು ಬಿದ್ದಿದ್ದರೆ ‘ಜಾರಿ ಬಿದ್ದರು’ ಎಂದಾಗುತ್ತಿತ್ತು, ಹಗಲೆಲ್ಲ ಕೂಡಿ ಹಾಕಿದ್ದರೆ ‘ಸ್ವ‌ಇಚ್ಛೆಯಿಂದ ಹಾಜರಿದ್ದರು’ ಎಂದಾಗುತ್ತಿತ್ತು. ಬಂದ ಸಾಹೇಬರೆಲ್ಲ ಅವನನ್ನು ಬಿಟ್ಟುಕೊಡುತ್ತಿರಲಿಲ್ಲ. ಈ ಸಲದ ಎಎಸ್‌ಐ ಬಡ್ತಿ ಪಟ್ಟಿಯಲ್ಲಿ ಅವನ ಹೆಸರು ಇದೆ ಎಂಬ ಸುದ್ದಿಯೂ ಇತ್ತು.

ಅವನಿದ್ದ ಊರಿನವನೇ ಕೋನಪ್ಪ. ಕಾಲೋನಿಯ ಕೊನೆ ಮನೆ, ಮನೆ ಹಿಂದೆ ಒಂದಿಷ್ಟು ಹಿಪ್ಪುನೇರಳೆ ತೋಟ, ತೋಟದ ಮೂಲೆಯಲ್ಲಿ ಶೀಟು ಹೊದಿಸಿದ ರೇಷ್ಮೆ ಹುಳುಮನೆ. ಮಗ ಭಾನುಪ್ರಕಾಶ್ ಎಂ.ಎ. ಓದಿ ಚಿಂತಾಮಣಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದ. ಯಾರೋ ರಾತ್ರೋರಾತ್ರಿ ತೋಟದ ಡ್ರಿಪ್ ಪೈಪು ಕೊಯ್ದು ಹಾಕಿದ್ದರು ಎಂದು ಅಪ್ಪ ಮಗ ದೂರು ಕೊಡಲು ಠಾಣೆಗೆ ಬಂದಿದ್ದರು. ಕೋನಪ್ಪ ಹೊರಗೆ ಬೆಂಚಿನ ಮೇಲೆ ಕುಳಿತ. ಭಾನುಪ್ರಕಾಶ್ ಒಳಗೆ ಹೋಗಿ ಸಬ್ ಇನ್‌ಸ್ಪೆಕ್ಟರ್ ಮುರಳಿಮೋಹನ್ ಕೈಗೆ ಅರ್ಜಿ ಕೊಟ್ಟ. ಅಷ್ಟಕ್ಕೆ ಸುಮ್ಮನೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಸ್ವೀಕೃತಿ ಕೇಳಿದ.

ನನಗೇ ಕಾನೂನು ಹೇಳಿಕೊಡುತ್ತೀಯಾ ಎಂದು ಶುರುವಾದದ್ದು ಜಾತಿಯ ಹೆಸರಿಗೆ ಹೋಗಿ ಮುಟ್ಟಿತು. ಮೊದಲ ಏಟು ಬಿದ್ದಾಗ ಮುರಳಿಮೋಹನ್ ಚನ್ನಕೇಶವನ ಕಡೆ ನೋಡಿ ಬಾಗಿಲಿನತ್ತ ಗಲ್ಲ ಅಲ್ಲಾಡಿಸಿದ. ಚನ್ನಕೇಶವ ಎದ್ದು ಹೋಗಿ ಬಾಗಿಲು ಮುಚ್ಚಿದ. ಮುಚ್ಚುವಾಗ ಹೊರಗೆ ಬೆಂಚಿನ ಮೇಲೆ ಕೋನಪ್ಪ ಚಪ್ಪಲಿ ಬಿಟ್ಟು ಕೈ ಕಟ್ಟಿ ಕುಳಿತದ್ದು ಕಂಡಿತು. ಹಿಂದಿನಿಂದ ಭಾನುಪ್ರಕಾಶ್ ಒಂದೇ ಒಂದು ಸಲ “ಕೇಶವಣ್ಣಾ” ಎಂದು ಕೂಗಿದ. ಚನ್ನಕೇಶವ ವಾಪಸು ಬಂದು ಕುರ್ಚಿಯಲ್ಲಿ ಕುಳಿತು, ಅರ್ಧಕ್ಕೆ ಬಿಟ್ಟಿದ್ದ ಬೇರೆ ಯಾವುದೋ ಕೇಸಿನ ಮಹಜರು ಬರೆಯತೊಡಗಿದ.

ಹುಡುಗನ ಎಡಗಿವಿಯ ತಮಟೆ ಹರಿದಿತ್ತು. ಅವನ ಹೆಂಡತಿ ಕವಿತ ಅಳುತ್ತ ಕೂರುವವಳಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಗಾಯದ ಸರ್ಟಿಫಿಕೇಟು ಮಾಡಿಸಿ, ಫೋಟೋ ತೆಗೆಸಿ, ಗಂಡನ ಹೆಸರಿನಲ್ಲಿ ನೇರವಾಗಿ ಎಸ್ಪಿಗೆ ದೂರು ಕೊಟ್ಟಳು. ಠಾಣೆಯ ಕ್ಯಾಮೆರಾದ ದೃಶ್ಯ ಕೊಡಿ ಎಂದು ಮೇಲಿನಿಂದ ಪತ್ರ ಬಂತು. ಕ್ಯಾಮೆರಾ ಕೆಟ್ಟಿತ್ತು ಎಂದು ಉತ್ತರ ಹೋಯಿತು. ಆ ಉತ್ತರ ಬರೆದವನು ಚನ್ನಕೇಶವನೇ. ಕ್ಯಾಮೆರಾ ಆವತ್ತು ನೆಟ್ಟಗಿತ್ತು, ಕೆಟ್ಟಿದ್ದು ಆಮೇಲೆ.

ಬೇರೆ ಉಪವಿಭಾಗದ ಡಿವೈಎಸ್ಪಿ ಶಿರೀಷಾ ಎಂಬವರನ್ನು ವಿಚಾರಣೆಗೆ ನೇಮಿಸಿದರು. ಎಲ್ಲರಿಗೂ ಅನುಕೂಲವಾದ ಒಂದು ದಿನ ತಿಳಿಸಿ, ನೋಟಿಸು ಜಾರಿ ಮಾಡಿ ಎಂದು ಅವರು ಠಾಣೆಗೇ ಬರೆದರು. ಯಾರ ಮೇಲೆ ದೂರೋ ಅವರ ಕೈಯಲ್ಲೇ ದಿನ ಗೊತ್ತು ಮಾಡಿಸುವುದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ, ಅದಕ್ಕೆ ಯಾರೂ ನಗುವುದೂ ಇಲ್ಲ. ಕರೆದ ದಿನ ದೂರುದಾರರು ಬರದಿದ್ದರೆ ‘ಆಸಕ್ತಿ ಇರುವುದಿಲ್ಲ’ ಎಂದು ಷರಾ ಬಿದ್ದು ಫೈಲು ಮುಚ್ಚಿಕೊಳ್ಳುವ ಸಾಧ್ಯತೆಯೇ ಹೆಚ್ಚು.

ಟೀ ಕುಡಿಯುತ್ತಾ ಮುರಳಿಮೋಹನ್, ಅವರಿಗೆ ಬರಲು ಆಗದ ದಿನ ಯಾವುದಾದರೂ ಇದೆಯೇ ಎಂದು ಕೇಳಿದ. ಅವನು ಬಳ್ಳಾರಿ ಕಡೆಯವನು, ಹುಳದ ವಿಷಯ ಅವನಿಗೇನು ಗೊತ್ತು? ಚನ್ನಕೇಶವನಿಗೆ ಗೊತ್ತಿತ್ತು. ಹುಳು ಸಾಕಿದ ಮನೆಯಲ್ಲೇ ಹುಟ್ಟಿ ಬೆಳೆದವನು. ಹಿಂದಿನ ದಿನ ಊಟಕ್ಕೆ ಬಡಿಸುವಾಗ ಅವನ ತಾಯಿ ಶ್ಯಾಮಲಮ್ಮ, ಕೋನಪ್ಪನ ಮನೆಯ ಹುಳ ನಾಲ್ಕನೇ ಜ್ವರ ಎದ್ದು ಸೊಪ್ಪು ಮುಕ್ಕುತ್ತಿವೆಯಂತೆ, ಈ ಸಲ ಬೆಳೆ ಚೆನ್ನಾಗಿದೆಯಂತೆ ಎಂದು ಸುಮ್ಮನೆ ಮಾತಿಗೆ ಹೇಳಿದ್ದಳು. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ ಎದ್ದ ಹುಳ ವಾರದೊಳಗೆ ಹಣ್ಣಾಗಿ ಗೂಡು ಕಟ್ಟಲು ತಯಾರಾಗುತ್ತದೆ. ಹಣ್ಣಾದ ಹುಳವನ್ನು ಒಂದೊಂದಾಗಿ ಆರಿಸಿ ಆವತ್ತೇ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹಾಕಬೇಕು, ಇಲ್ಲದಿದ್ದರೆ ತಟ್ಟೆಯ ಕಸದಲ್ಲೇ ನೂಲು ಬಿಟ್ಟು ಎಲ್ಲ ಹಾಳು. ಆ ದಿನ ಹುಳುಮನೆಯವರು ಮದುವೆಗೂ ಹೋಗುವುದಿಲ್ಲ, ಸಾವಿಗೂ ಹೋಗುವುದಿಲ್ಲ.

“ಹುಳ ಹಣ್ಣಾಗೋ ದಿನಕ್ಕೆ ಹಾಕ್ಸಿ ಸಾರ್,” ಎಂದ ಚನ್ನಕೇಶವ. “ಸಾಕ್ಷಿ ಅಂತ ಅಪ್ಪನ್ನೂ ಸೊಸೇನೂ ಆವತ್ತೇ ಕರ್ಸಿದ್ರೆ ಯಾರೂ ಬರಕ್ಕಾಗಲ್ಲ.”

ಕೇಳಿದ್ದು ಒಂದು, ಇವನು ಮೇಲೆ ಇನ್ನೊಂದನ್ನೂ ಸೇರಿಸಿ ಕೊಟ್ಟ. ಸಾಹೇಬರು ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡಾಗ ಹಿತವಾಯಿತಲ್ಲ, ಅದು ಆಮೇಲೆ ಎಷ್ಟೋ ದಿನ ಅವನನ್ನು ಚುಚ್ಚಿತು.

ನೋಟಿಸು ಕೊಡಲು ಅವನೇ ಹೋದ. ಕೋನಪ್ಪ ಸೊಪ್ಪಿನ ಹೊರೆ ಇಳಿಸಿ ಕೈ ಒರೆಸಿಕೊಂಡು ಸಹಿ ಹಾಕಿದ. ದಿನಾಂಕ ನೋಡಿದ, ಹುಳುಮನೆಯ ಕಡೆ ನೋಡಿದ, ಮತ್ತೆ ದಿನಾಂಕ ನೋಡಿದ. “ಒಂದೆರಡು ದಿನ ಮುಂದಕ್ಕೆ ಹಾಕ್ಸಕ್ಕಾಗಲ್ವಾ ಕೇಶವಪ್ಪ?” ಎಂದು ಕೇಳಿದ. ಮೇಲಿನವರ ಆರ್ಡರು, ನನ್ನ ಕೈಯಲ್ಲಿ ಏನಿದೆ ಕೋನಪ್ಪ, ಎಂದು ಚನ್ನಕೇಶವ ಬೈಕು ಹತ್ತಿದ. ಅಪ್ಪನ ವಯಸ್ಸಿನ ಆ ಮನುಷ್ಯನನ್ನು ಅವನು ಹುಟ್ಟಿದಾಗಿನಿಂದ ಬರೀ ಕೋನಪ್ಪ ಎಂದೇ ಕರೆಯುತ್ತಿದ್ದ. ಕೋನಪ್ಪ ಮಾತ್ರ ತಾನು ಎತ್ತಿ ಆಡಿಸಿದ ಹುಡುಗನಿಗೆ ‘ಅಪ್ಪ’ ಸೇರಿಸದೆ ಮಾತಾಡಿದವನಲ್ಲ.

ಆ ಸುದ್ದಿ ಶ್ಯಾಮಲಮ್ಮನ ಕಿವಿಗೆ ಬೀಳಲು ಹೊತ್ತು ಬೇಕಾಗಲಿಲ್ಲ. ಕೋನಪ್ಪನ ಹೆಂಡತಿ ಆದಿಲಕ್ಷ್ಮಮ್ಮ ಹಾಲಿನ ಡೇರಿಯ ಹತ್ತಿರ ಕಣ್ಣೀರು ಹಾಕಿದ್ದಳಂತೆ. ಸಂಜೆ ಶ್ಯಾಮಲಮ್ಮ ಮಗನ ತಟ್ಟೆಗೆ ಮುದ್ದೆ ಹಾಕಿ ಎದುರಿಗೆ ಕುಳಿತಳು.

“ಆ ದಿನ ಯಾರು ಗೊತ್ತು ಮಾಡಿದ್ದು?”

“ಮೇಲಿನೋರು.”

“ಮೇಲಿನೋರಿಗೆ ನಾಲ್ಕನೇ ಜ್ವರ ಎದ್ದಿದ್ದು ಹೆಂಗ್ ಗೊತ್ತಾಯ್ತು?”

ಚನ್ನಕೇಶವ ಮುದ್ದೆ ಮುರಿದು ಸಾರಿಗೆ ಅದ್ದಿದ. ಅವನು ಉಂಡು ಏಳುವ ತನಕ ತಾಯಿ ಅವನ ಮುಖವನ್ನೇ ನೋಡುತ್ತಾ ಕುಳಿತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗೊತ್ತಾದ ದಿನ ಚಿಕ್ಕಬಳ್ಳಾಪುರದ ಕಚೇರಿಯ ವರಾಂಡದಲ್ಲಿ ಮುರಳಿಮೋಹನ್ ಗಡಿಯಾರ ನೋಡಿಕೊಂಡು ಲವಲವಿಕೆಯಿಂದಿದ್ದ. ಕೆಲಸ ಮುಗಿದರೆ ಸ್ಕಂದಗಿರಿ ಕಡೆ ಒಳ್ಳೆಯ ಹೋಟೆಲಿದೆ, ಊಟಕ್ಕೆ ಹೋಗೋಣ ಎನ್ನುತ್ತಿದ್ದ. ಅಷ್ಟರಲ್ಲಿ ಗೇಟಿನ ಹತ್ತಿರ ಆಟೋ ನಿಂತಿತು. ಮೊದಲು ಕವಿತ ಇಳಿದಳು, ಆಮೇಲೆ ಭಾನುಪ್ರಕಾಶ್, ಕೊನೆಗೆ ಒಗೆದ ಪಂಚೆ ಉಟ್ಟ ಕೋನಪ್ಪ. ಮುರಳಿಮೋಹನ್ ಚನ್ನಕೇಶವನ ಕಡೆ ತಿರುಗಿ ನೋಡಿದ ನೋಟ ಹೇಗಿತ್ತೆಂದು ಹೇಳುವುದು ಬೇಡ.

ಮೊದಲು ಭಾನುಪ್ರಕಾಶ್‌ನನ್ನು ಒಳಗೆ ಕರೆದರು. ಸಾಹೇಬರು ಫೋನು ಹಿಡಿದು ಹೊರಗೆ ಹೋದರು. ಕೋನಪ್ಪ ಬಂದು ಚನ್ನಕೇಶವನ ಪಕ್ಕದಲ್ಲಿ, ಬೆಂಚಿನ ತುದಿಯಲ್ಲಿ ಕುಳಿತ. ಹುಳದ ಗತಿ ಏನಾಯಿತು ಎಂದು ಕೇಳದೆ ಇರಲು ಚನ್ನಕೇಶವನಿಂದ ಆಗಲಿಲ್ಲ.

“ನಿಮ್ಮಮ್ಮನೋರು ಬೆಳಕು ಹರಿಯೋ ಹೊತ್ಗೇ ಬಂದ್ರು ಕೇಶವಪ್ಪ. ಇಬ್ರು ಹೆಣ್ಣಾಳೂ ಕರ್ಕೊಂಡ್ ಬಂದವ್ರೆ. ಕಾಲನ್ನ ಬ್ಲೀಚಿಂಗ್ ನೀರಲ್ಲಿ ಅದ್ದಿ ಒಳಗೆ ಹೋಗಿ, ನಮ್ಮಾಕೆ ಪಕ್ಕದಾಗೆ ಕೂತ್ಕೊಂಡು ಹುಳ ಆರಿಸ್ತಾವ್ರೆ.” ಅವನು ಬೆಂಚಿನ ಮೇಲೆ ಸ್ವಲ್ಪ ಈಚೆಗೆ ಸರಿದ. “ನೀವೇ ಕಳ್ಸಿದ್ದಂತೆ. ಕೇಶವ ಹೇಳ್ದ, ಆದಿಲಕ್ಷ್ಮಿ ಎಷ್ಟು ವರ್ಷ ನಮ್ಮನೆ ಹುಳ ಆರ್ಸವ್ಳೆ, ಹೋಗಿ ಮುಯ್ಯಿ ತೀರ್ಸಮ್ಮ ಅಂತ ಹೇಳ್ದ ಅಂದ್ರು. ಸ್ಟೇಷನ್ನಲ್ಲಿದ್ದೂ ನೀವು ನಮ್ಮನ್ನ ಮರೀಲಿಲ್ಲ.”

ಚನ್ನಕೇಶವನಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ಆದಿಲಕ್ಷ್ಮಮ್ಮ ಅವರ ಮನೆಯ ಹುಳ ಆರಿಸಿದ್ದು ನಿಜ. ಇವನು ಅಂಗಿ ಹಾಕಲು ಕಲಿಯುವ ಮೊದಲಿನಿಂದಲೂ ಆರಿಸಿದ್ದಳು. ಆದರೆ ಅವರ ಮನೆಯಿಂದ ಯಾರೂ, ಯಾವತ್ತೂ, ಕಾಲೋನಿಯ ಹುಳುಮನೆಗೆ ಮುಯ್ಯಾಳಾಗಿ ಹೋದದ್ದಿಲ್ಲ. ಶ್ಯಾಮಲಮ್ಮ ಆ ಕೇರಿಯೊಳಗೆ ಕಾಲಿಟ್ಟವಳೇ ಅಲ್ಲ. ಇವತ್ತು ಕಾಲಿಟ್ಟಿದ್ದಳು, ಮಗನ ಹೆಸರಿನಲ್ಲಿ ಸುಳ್ಳು ಹೇಳಿ ಅವನ ಮಾನ ಉಳಿಸಿದ್ದಳು. ಆ ಮಾನ ಹೊತ್ತುಕೊಂಡು ಕೂರುವುದು ಬೈಗುಳಕ್ಕಿಂತ ಕಷ್ಟವಾಯಿತು.

ಶಿರೀಷಾ ಮೇಡಂ ಬಾಗಿಲಿನ ತನಕ ಬಂದು, “ಕೋನಪ್ಪನವರೇ, ಬನ್ನಿ, ಕೂತ್ಕೊಂಡು ಮಾತಾಡೋಣ” ಎಂದರು. ಕೋನಪ್ಪ ಅಕ್ಕಪಕ್ಕ ನೋಡಿ, ತನ್ನನ್ನೇ ಕರೆದದ್ದು ಎಂದು ಗೊತ್ತಾದ ಮೇಲೆ ಎದ್ದ.

ಕೊನೆಗೆ ಚನ್ನಕೇಶವನ ಸರದಿ. ಮೇಡಂ ಕ್ಯಾಮೆರಾ ಕೆಟ್ಟಿತ್ತು ಎಂಬ ಪತ್ರವನ್ನು ಮುಂದಿಟ್ಟು, ಇದನ್ನು ಬರೆದವರು ಯಾರು ಎಂದು ಕೇಳಿದರು. ಕಣ್ಣು ಮುಚ್ಚಿಕೊಂಡು ಹೇಳಬಹುದಾದ ಸುಳ್ಳುಗಳು ಅವನ ನಾಲಿಗೆಯ ತುದಿಯಲ್ಲೇ ಇದ್ದವು. ಬಡ್ತಿಯೂ ಅಲ್ಲೇ ಇತ್ತು. ನಾನೇ ಬರೆದೆ, ಅದು ಸುಳ್ಳು ಎಂದ. ಹೊಡೆದದ್ದನ್ನು ಹೇಳಿದ, ಬೈದ ಮಾತುಗಳನ್ನು ಹೇಳಿದ. ಬಾಗಿಲು ಯಾರು ಮುಚ್ಚಿದರು ಎಂದು ಅವರು ಕೇಳಿದರು.

“ನಾನೇ ಮೇಡಂ. ಅವನು ನನ್ನ ಹೆಸರು ಹಿಡಿದು ಕೂಗ್ದ. ನಾನು ಬರೀತಾ ಕೂತಿದ್ದೆ.”

ಈ ಹೇಳಿಕೆ ನಿಮ್ಮ ಮೇಲೂ ಬರುತ್ತದೆ, ಇಲಾಖಾ ವಿಚಾರಣೆ ಆಗುತ್ತದೆ ಎಂದು ಅವರು ಎಚ್ಚರಿಸಿದರು. ಗೊತ್ತು ಎಂದು ಸಹಿ ಹಾಕಿದ. ಬೇರೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ದಿನ ಗೊತ್ತು ಮಾಡಿಸಿದ ವಿಷಯವೊಂದೇ ಬಾಕಿಯಿತ್ತು. ಇಲ್ಲ ಮೇಡಂ ಎಂದು ಎದ್ದು ಬಂದ. ಇಷ್ಟೆಲ್ಲ ಹೇಳಿದ್ದೇನಲ್ಲ, ಅದೊಂದು ಇರಲಿ ಎಂದುಕೊಂಡ. ಮನುಷ್ಯ ಪೂರ್ತಿ ಬತ್ತಲಾಗಲು ಒಪ್ಪುವುದಿಲ್ಲ, ಒಂದು ಚಿಂದಿಯನ್ನಾದರೂ ಉಳಿಸಿಕೊಳ್ಳುತ್ತಾನೆ. ಒಳಗಿನ ಮಾತು ವರಾಂಡದ ತನಕ ಬಿದ್ದಿತ್ತು. ಹೊರಗೆ ಭಾನುಪ್ರಕಾಶ್ ಕೇಳಿಸುವ ಕಿವಿಯನ್ನು ಅವನ ಕಡೆ ತಿರುಗಿಸಿ, ಥ್ಯಾಂಕ್ಸ್ ಅಣ್ಣ ಎಂದ. ಕವಿತ ಆಟೋ ಕರೆಯಲು ಗೇಟಿನ ಕಡೆ ನಡೆದಳು.

ಹೊತ್ತಿಳಿಯುವ ಮುಂಚೆ ಅವನು ತಾಯಿಯನ್ನು ಕರೆದುಕೊಂಡು ಹೋಗಲು ಕಾಲೋನಿಗೆ ಬಂದ. ಕೋನಪ್ಪ ಆಗಲೇ ಬಂದು ಹುಳುಮನೆಯ ಬಾಗಿಲಲ್ಲಿ ಚಂದ್ರಿಕೆ ಜೋಡಿಸುತ್ತಿದ್ದ. ಒಳಗೆ ಶ್ಯಾಮಲಮ್ಮ ಸೆರಗು ಸಿಕ್ಕಿಸಿ ತಟ್ಟೆಯ ಮುಂದೆ ಕುಳಿತಿದ್ದಳು. ಹಳದಿ ತಿರುಗಿದ ಹುಳಗಳನ್ನು ಆರಿಸಿ ಆರಿಸಿ ಪಕ್ಕದ ಮೊರಕ್ಕೆ ಹಾಕುತ್ತಾ, ಆದಿಲಕ್ಷ್ಮಮ್ಮನ ಜೊತೆ ತೆಲುಗಿನಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದಳು. ಮಗನನ್ನು ಕಂಡು ನಗು ನಿಲ್ಲಿಸಿದಳು.

“ಬನ್ನಿ ಕೇಶವಪ್ಪ, ಕಾಲದ್ಕೊಂಡು ಒಳಕ್ಕೆ ಬನ್ನಿ,” ಎಂದ ಕೋನಪ್ಪ ಸಂಭ್ರಮದಿಂದ. “ಅಮ್ಮಾ, ನಿಮ್ಮ ಮಗ ಇವತ್ತು ನಮ್ಮ ಪರವಾಗಿ ಎಲ್ಲಾ ಹೇಳವ್ರೆ.”

ಚನ್ನಕೇಶವ ಬೂಟು ಬಿಚ್ಚಿ, ಹುಳಕ್ಕೆ ಸೋಂಕು ತಾಗದಿರಲೆಂದು ಬಾಗಿಲಲ್ಲಿಟ್ಟಿದ್ದ ಬ್ಲೀಚಿಂಗ್ ನೀರಿನ ತೊಟ್ಟಿಯಲ್ಲಿ ಕಾಲಿಟ್ಟ.

ಶ್ಯಾಮಲಮ್ಮ ಕೈ ನಿಲ್ಲಿಸದೆ ಕೇಳಿದಳು: “ಎಲ್ಲಾನೂ ಹೇಳ್ದಾ?”

ಹೇಳಿದೆ ಎಂದಿದ್ದರೆ ಅವಳು ನಂಬದಿದ್ದರೂ ಸುಮ್ಮನಿರುತ್ತಿದ್ದಳು. ಬೆಳಗ್ಗೆಯಿಂದ ಅವನಿಗಾಗಿ ಅವಳೇ ಕಾಪಾಡಿಕೊಂಡು ಬಂದ ಸುಳ್ಳದು. ಆದರೆ ಕೋನಪ್ಪ ಎದುರಿಗೆ ನಿಂತು ಇನ್ನೂ ನಗುತ್ತಿದ್ದ, ಆ ನಗುವನ್ನು ನೋಡುತ್ತ ನಿಲ್ಲಲು ಅವನಿಂದಾಗಲಿಲ್ಲ.

“ಈ ದಿನ ಗೊತ್ತು ಮಾಡ್ಸಿದ್ದು ನಾನೇ ಕೋನಪ್ಪ... ಕೋನಪ್ಪನವರೇ. ಹುಳ ಹಣ್ಣಾಗೋ ದಿನ ಹಾಕಿದ್ರೆ ನೀವು ಬರಲ್ಲ ಅಂತ ಸಾಹೇಬ್ರಿಗೆ ಹೇಳ್ಕೊಟ್ಟಿದ್ದೂ ನಾನೇ. ಅಮ್ಮನ್ನ ನಾನು ಕಳ್ಸಿಲ್ಲ.”

ಆದಿಲಕ್ಷ್ಮಮ್ಮನ ಕೈ ತಟ್ಟೆಯ ಮೇಲೆಯೇ ನಿಂತಿತು. ಕೋನಪ್ಪ ಶ್ಯಾಮಲಮ್ಮನ ಕಡೆ ನೋಡಿದ. ಅವಳು ತಲೆ ತಗ್ಗಿಸಿ ಹುಳ ಆರಿಸುತ್ತಲೇ ಇದ್ದಳು, ಅವನಿಗೆ ಬೇಕಾದ ಉತ್ತರ ಅದರಲ್ಲೇ ಸಿಕ್ಕಿತು. ಅವನು ಬೈಯಲಿಲ್ಲ. ಸೋತವನ ಹಾಗೆ ಕೈಯಲ್ಲಿದ್ದ ಚಂದ್ರಿಕೆಯನ್ನು ಗೋಡೆಗೆ ಒರಗಿಸಿದ.

“ಒಳಗೆ ಬರ್ಬೇಡಿ ಸಾರ್,” ಎಂದ. “ಹುಳಕ್ಕೆ ಆಗಲ್ಲ.”

ಹುಟ್ಟಿದಾಗಿನಿಂದ ಆ ಬಾಯಲ್ಲಿ ಕೇಶವಪ್ಪ ಎನಿಸಿಕೊಂಡವನಿಗೆ ‘ಸಾರ್’ ಕೆನ್ನೆಗೆ ಬಿದ್ದ ಹಾಗಾಯಿತು. ಕೋನಪ್ಪ ಒಳಗೆ ಹೋಗಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಮುಚ್ಚಿದ. ಒಳಗಿನಿಂದ ಶ್ಯಾಮಲಮ್ಮನ ದನಿ ಕೇಳಿಸಿತು, ಇನ್ನೊಂದು ತಟ್ಟೆ ಕೊಡು ಆದಿಲಕ್ಷ್ಮಿ ಎನ್ನುತ್ತಿದ್ದಳು.

ಚನ್ನಕೇಶವ ಒದ್ದೆ ಕಾಲಿನಲ್ಲಿಯೇ ಹೊರಗಿನ ಕಲ್ಲುಚಪ್ಪಡಿಯ ಮೇಲೆ ಕುಳಿತ. ತಾಯಿಯನ್ನು ಮನೆಗೆ ಕರೆದುಕೊಂಡು ಹೋಗಬೇಕಿತ್ತು. ಬೂಟನ್ನು ಪಕ್ಕಕ್ಕೆ ಸರಿಸಿ, ಕೈ ಕಟ್ಟಿಕೊಂಡು, ಅವರಾಗಿಯೇ ಬಾಗಿಲು ತೆಗೆಯಲಿ ಎಂದು ಕಾಯುತ್ತಾ ಕುಳಿತ.