ಗುಬ್ಬಿ ಓದಿ ಹೇಳಿದ ಬೋರ್ಡು

ಶಾಲೆ ಆರಂಭವಾಗಿ ಇನ್ನೂ ಕೆಲವೇ ದಿನ. ಅಷ್ಟರಲ್ಲೇ ಅಂಗಡಿಗಳ ಬೋರ್ಡು ಬರೆಯುವ ಪೇಂಟರನಿಗೆ ಮಗಳ ಶಾಲೆಯ ಮೇಲೆ ಸಿಟ್ಟು ಬಂದಿತ್ತು. ಮಗಳು ಮೂರನೇ ತರಗತಿ; ಮನೆಯವರೆಲ್ಲ ಕರೆಯುತ್ತಿದ್ದುದು ಗುಬ್ಬಿ ಎಂದು. ಅವಳ ಚೀಲದಿಂದ ದಿನವೂ ಹೊರಬರುತ್ತಿದ್ದುದು ಹೊಸ ಪಾಠವಲ್ಲ, ದಪ್ಪಕ್ಷರದ ಒಂದು ತೆಳ್ಳನೆಯ ಕಥೆಪುಸ್ತಕ. ಮನೆಯಲ್ಲಿ ಗಟ್ಟಿಯಾಗಿ ಓದಿಸಿ ಎಂದು ಟೀಚರು ಹೇಳಿ ಕಳಿಸಿದ್ದರು.

“ಮೂರನೇ ಕ್ಲಾಸಿಗೆ ಬಂದ್ಮೇಲೂ ಇಲಿ ಕಥೆ, ಬೆಕ್ಕಿನ ಕಥೆ. ಹೋದ ವರ್ಷದ್ದನ್ನೇ ಬಿಸಿ ಮಾಡಿ ಬಡಿಸ್ತಿದಾರೆ,” ಎಂದು ಪೇಂಟರ್ ಹೆಂಡತಿಯ ಮುಂದೆ ಗೊಣಗಿದ.

“ಓದ್ಸಿ ಅಂದಿದಾರೆ. ಓದ್ಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?”

“ಅವಳ ಬರವಣಿಗೆ ನೋಡು, ಅಚ್ಚು ಹೊಡೆದ ಹಾಗಿದೆ. ಇವಳಿಗೆ ಓದ್ಸೋದೇನು? ಗುಬ್ಬಿ, ಒಂದು ಪುಟ ನೋಡಿ ಬರೆದುಬಿಡಮ್ಮ, ಸಾಕು.”

ಗುಬ್ಬಿ ಬರೆದಳು. ಕೊಂಬು, ದೀರ್ಘ, ಒತ್ತು ಒಂದೂ ತಪ್ಪಲಿಲ್ಲ. ಅಪ್ಪನ ಕುಂಚದ ಕೈಚಳಕ ಮಗಳ ಪೆನ್ಸಿಲಿಗೆ ಇಳಿದುಬಂದಿತ್ತು. ಇಷ್ಟು ಚೆಂದ ಬರೆಯುವ ಮಗುವಿಗೆ ಓದಲು ಬಾರದು ಎಂಬ ಅನುಮಾನ ಯಾರಿಗೂ ಬರುವಂತಿರಲಿಲ್ಲ.

ನಿಜ ಹೊರಬಿದ್ದದ್ದು ಬೇಕರಿಯ ಗೋಡೆಯ ಮೇಲೆ.

ಬೇಕರಿಯವನು ಪೇಂಟರನ ಹಳೆಯ ಸ್ನೇಹಿತ. ಶಾಲೆಗೆ ರಜೆಯಿದ್ದ ದಿನ ಅವನು ಒಂದು ಚೀಟಿಯನ್ನು ಪೇಂಟರನ ಕೈಗಿತ್ತು, “ಗೋಡೆ ಮೇಲಿನ ಹಳೇ ಬೋರ್ಡಿಗೆ ಬಿಳಿ ಬಣ್ಣ ಹೊಡೆದು ಇದನ್ನ ಬರೆದುಬಿಡಯ್ಯ,” ಎಂದು ಹೇಳಿ ಹಿಟ್ಟು ತರಲು ಹೋದ. ಬಿಳಿ ಬಣ್ಣ ಒಣಗಿದ ಮೇಲೆ ಪೇಂಟರ್ ಏಣಿ ಹತ್ತಿ, ಕುಂಚ ಅದ್ದಿ, ಜೇಬು ಮುಟ್ಟಿಕೊಂಡ. ಕನ್ನಡಕವಿಲ್ಲ, ಮನೆಯಲ್ಲೇ ಉಳಿದಿತ್ತು. ಗೋಡೆಯ ದೊಡ್ಡ ಅಕ್ಷರಕ್ಕೆ ಅವನಿಗೆ ಕನ್ನಡಕ ಬೇಡ, ಚೀಟಿಯ ಸಣ್ಣ ಅಕ್ಷರಕ್ಕೆ ಬೇಕು. ಜೊತೆಗೆ ಬಂದಿದ್ದ ಮಗಳನ್ನು ಕೂಗಿ ಚೀಟಿಯನ್ನು ಕೆಳಗೆ ಚಾಚಿದ.

“ಏನಿದೆ ಓದಿ ಹೇಳಮ್ಮ.”

ಗುಬ್ಬಿ ಚೀಟಿಯನ್ನು ನೋಡುತ್ತ ನಿಂತಳು. ಆಮೇಲೆ ಸರಾಗವಾಗಿ ಹೇಳಿದಳು: “ಬಿಸಿ ಬ್ರೆಡ್ಡು, ಬಿಸ್ಕತ್ತು, ಕೇಕು ಇಲ್ಲಿ ಸಿಗುತ್ತವೆ.”

ಮಾಸಿದ ಬೋರ್ಡನ್ನೇ ಹೊಸದು ಮಾಡಿಸುತ್ತಿದ್ದಾನೆ ಎಂದುಕೊಂಡು ಪೇಂಟರ್ ಹಾಗೆಯೇ ಬರೆದ. ಬೇಕರಿಯವನು ಹಿಂದಿರುಗಿ, ಹಿಟ್ಟಿನ ಚೀಲ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ಗೋಡೆ ನೋಡಿದ.

“ಏನಯ್ಯ, ಅಂಗಡಿ ಬೇರೆ ಬೀದಿಗೆ ಹೋಗುತ್ತೆ ಅಂತ ಬರಿ ಅಂದ್ರೆ, ನನ್ನ ಇಲ್ಲೇ ಕಟ್ಟಿಹಾಕಿದ್ದೀಯಲ್ಲ.”

“ಚೀಟೀಲಿ ಇದ್ದಿದ್ದನ್ನೇ ಬರೆದಿದ್ದೀನಿ. ನನ್ನ ಮಗಳೇ ಓದಿದ್ದು.”

ಇಬ್ಬರೂ ಗುಬ್ಬಿಯ ಕಡೆ ತಿರುಗಿದರು. ಅವಳು ಬಣ್ಣದ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತಿದ್ದಳು.

“ಅಕ್ಷರ ಎಲ್ಲಾ ಗೊತ್ತಪ್ಪ, ಸೇರಿಸೋಕೆ ಆಗಲ್ಲ. ಕೊನೇದು ಓದೋಷ್ಟರಲ್ಲಿ ಮೊದಲನೇದು ಮರೆತುಹೋಗುತ್ತೆ. ಹಳೇ ಬೋರ್ಡನ್ನ ನೀನು ಬಂದಾಗೆಲ್ಲ ಓದಿ ತೋರಿಸ್ತಿದ್ದೆಯಲ್ಲ, ಅದನ್ನೇ ಹೇಳಿದೆ.” ಅವಳು ಮುಚ್ಚಳವನ್ನು ಕೆಳಗಿಟ್ಟಳು. “ನನ್ನ ವಾಪಸ್ ಎರಡನೇ ಕ್ಲಾಸಿಗೆ ಕಳಿಸ್ತಾರಾ?”

ಪೇಂಟರನ ಮುಖ ಸಪ್ಪಗಾಯಿತು. “ಟೀಚರಿಗೆ ಗೊತ್ತಾಗೋದು ಬೇಡ,” ಎಂದು ಸ್ನೇಹಿತನಿಗೆ ಮೆಲ್ಲಗೆ ಹೇಳಿದ. “ಹಿಂದಕ್ಕೆ ಹಾಕಿದ್ರೆ ತಲೆ ಎತ್ತಿ ಓಡಾಡೋದು ಹೇಗೆ?”

“ಯಾರ ತಲೆ, ನಿಂದೋ ಅವಳದೋ?” ಎಂದ ಬೇಕರಿಯವನು. “ಹೋದ ವರ್ಷ ನಮ್ಮ ಹುಡುಗನದೂ ಇದೇ ಪಾಡು. ಟೀಚರಿಗೆ ಹೇಳಿದ್ದಕ್ಕೆ ದಾರಿಗೆ ಬಂದ. ಇಲ್ಲದಿದ್ರೆ ಇವತ್ತಿಗೂ ಸುಮ್ಮನೆ ತುಟಿ ಅಲ್ಲಾಡಿಸ್ಕೊಂಡು ಕೂತಿರ್ತಿದ್ದ. ನಾನು ಅಂಗಡಿ ಬಿಡೋಕೆ ಇನ್ನೂ ಸಮಯ ಇದೆ, ಅಲ್ಲೀವರೆಗೆ ಈ ಬೋರ್ಡೇ ಇರಲಿ. ನೀನು ಮೊದಲು ಶಾಲೆಗೆ ಹೋಗು.”

ಮರುದಿನ ಗಂಡಹೆಂಡಿರು ತರಗತಿಯ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತರು. ಪೇಂಟರ್ ನಡೆದದ್ದನ್ನೆಲ್ಲ ತಡವರಿಸುತ್ತ ಹೇಳಿದ. ಟೀಚರಿಗೆ ಆಶ್ಚರ್ಯವೇನೂ ಆಗಲಿಲ್ಲ.

“ನನಗೆ ಗೊತ್ತಾಗಿತ್ತು. ಅದಕ್ಕೇ ಆ ಪುಸ್ತಕ ಕಳಿಸ್ತಿದ್ದೆ. ಅವಳನ್ನ ಹಿಂದಕ್ಕೆಲ್ಲ ಕಳಿಸಲ್ಲ, ಹೆದರಬೇಡಿ. ವರ್ಷದ ಮೊದಲಲ್ಲಿ ಎರಡನೇ ಕ್ಲಾಸಿನದನ್ನ ತಿರುಗಿ ಓದಿಸೋದೇ ಯಾರು ಎಲ್ಲಿ ನಿಂತಿದ್ದಾರೆ ಅಂತ ತಿಳ್ಕೊಳ್ಳೋಕೆ. ಇನ್ಮೇಲೆ ಲೆಕ್ಕವೂ ಕಥೆ ಥರ ಬರುತ್ತೆ, ಇಷ್ಟು ಹಣ್ಣಿತ್ತು, ಇಷ್ಟು ಹಂಚಿದ್ರು ಅಂತ. ಗಿಡ, ಪ್ರಾಣಿ, ನೀರು, ಎಲ್ಲಾನೂ ಓದಿಯೇ ಕಲೀಬೇಕು. ಈಗಲೇ ಗೊತ್ತಾಗಿದ್ದು ಒಳ್ಳೇದಾಯ್ತು.”

ತಾಯಿಗೆ ಸಮಾಧಾನವಾಯಿತು. ಆದರೂ ಅವಳಿಗೊಂದು ಅಳುಕು. “ಟೀಚರೇ, ಇವರು ಇಡೀ ದಿನ ಏಣಿ ಮೇಲಿರ್ತಾರೆ. ನಂಗೆ ಓದೋಕೆ ಬರಲ್ಲ. ಓದ್ಸೋದು ಯಾರು?”

“ನೀವು ಕೂತು ಕೇಳಿಸ್ಕೊಳ್ಳಿ ಸಾಕಮ್ಮ. ದಿನಾ ಸಂಜೆ ಸ್ವಲ್ಪ ಹೊತ್ತು ಬೆರಳಿಟ್ಟು ಓದಲಿ. ಮುಗಿದ ಮೇಲೆ ‘ಇಲಿ ಆಮೇಲೆ ಏನ್ ಮಾಡ್ತು?’ ಅಂತ ಕೇಳಿ. ಕಥೆ ಹೇಳಿದ್ರೆ ಓದಿದ್ದು ಅರ್ಥ ಆಗಿದೆ ಅಂತ.”

“ಬರೆಸೋದು ಬೇಡ್ವಾ?” ಪೇಂಟರನ ಮನಸ್ಸು ಅಲ್ಲೇ ಇತ್ತು.

“ಅಷ್ಟು ಚೆಂದದ ಕೈ, ಯಾಕೆ ಬಿಡಿಸ್ತೀರ? ಬರೀಲಿ, ಬರೆದಿದ್ದನ್ನ ಓದಿ ಹೇಳಲಿ. ಇನ್ನೊಂದು ಮಾತು: ಅವಳು ನಿಂತ ಕಡೆ ನೀವು ಬಾಯಿ ಹಾಕ್ಬೇಡಿ. ಸ್ವಲ್ಪ ಕಾಯಿರಿ. ಆಗಲೇ ಇಲ್ಲ ಅಂದ್ರೆ ಆ ಪದ ಹೇಳ್ಕೊಟ್ಟು, ಸಾಲನ್ನ ಮೊದಲಿಂದ ಓದ್ಸಿ.”

ಹಿಂದಕ್ಕೆ ಕಳಿಸುವುದಿಲ್ಲವೆಂಬ ಸುದ್ದಿ ಕೇಳಿದ್ದೇ ಗುಬ್ಬಿ ಅಮ್ಮನ ಸೆರಗಿನಲ್ಲಿ ಮುಖ ಒರೆಸಿಕೊಂಡು, ತಾನೇ ಪುಸ್ತಕ ತೆಗೆದಳು. ಅಂದಿನಿಂದ ಸಂಜೆಯ ಅಡುಗೆಮನೆಯಲ್ಲಿ ಓದು ನಡೆಯಿತು. “ಆ ಇಲಿ ಇನ್ನೂ ಡಬ್ಬಿಯಿಂದ ಆಚೆ ಬಂದಿಲ್ವೇನೇ?” ಎಂದು ತಾಯಿ ತರಕಾರಿ ಹೆಚ್ಚುತ್ತ ಕೇಳುವಳು. “ಇರಮ್ಮ, ಬಾಲ ಸಿಕ್ಕಿಹಾಕ್ಕೊಂಡಿದೆ,” ಎನ್ನುವಳು ಗುಬ್ಬಿ.

ಬೇಕರಿ ಖಾಲಿಮಾಡುವ ಹೊತ್ತಿಗೆ ಪೇಂಟರ್ ಮತ್ತೆ ಅದೇ ಗೋಡೆಗೆ ಏಣಿ ಹಾಕಿದ. ಕೆಳಗೆ ಗುಬ್ಬಿ, ಕೈಯಲ್ಲಿ ಅದೇ ಚೀಟಿ.

“ಅಂಗಡಿ... ಪಕ್ಕದ... ಬೀದಿಗೆ...” ಎಂದು ಓದಿ ನಿಂತಳು.

ಬೇಕರಿಯವನು ಬಾಯಿ ತೆರೆದ. ಪೇಂಟರ್ ಮೇಲಿನಿಂದ ತಲೆಯಾಡಿಸಿ ಬೇಡವೆಂದ. ಎತ್ತಿ ಹಿಡಿದಿದ್ದ ಕುಂಚದ ನೀಲಿ ಬಣ್ಣ ಮಣಿಕಟ್ಟು ದಾಟಿ ಮೊಣಕೈಗೆ ಹರಿಯಿತು. ಅವನು ಅಲುಗಾಡಲಿಲ್ಲ.

“ಸ್ಥ... ಸ್ಥಳಾಂ... ಸ್ಥಳಾಂತರ.” ಗುಬ್ಬಿ ಸಾಲನ್ನು ಮತ್ತೆ ಮೊದಲಿಂದ ಹಿಡಿದಳು. “ಅಂಗಡಿ ಪಕ್ಕದ ಬೀದಿಗೆ ಸ್ಥಳಾಂತರವಾಗಲಿದೆ. ಅಂದ್ರೆ, ಮಾಮ ಆ ಬೀದಿಗೆ ಹೋಗ್ತಾರೆ ಅಂತ.”

“ಸದ್ಯ, ಕೊನೆಗೂ ನನ್ನ ಕಟ್ಟು ಬಿಚ್ಚಿದ್ರಲ್ಲ,” ಎಂದ ಬೇಕರಿಯವನು.

ಪೇಂಟರ್ ನಕ್ಕು ಮೊಣಕೈ ಒರೆಸಿಕೊಂಡು ಬರೆಯತೊಡಗಿದ. ಅಂದು ಅವನ ಕನ್ನಡಕ ಅವನ ಜೇಬಿನಲ್ಲೇ ಇತ್ತು.

ನಿಮ್ಮ ಮನೆಯಲ್ಲೂ ಮೂರನೇ ತರಗತಿಯ ಮಗುವಿದೆಯೇ? ಹಾಗಾದರೆ ಬರವಣಿಗೆಯ ಅಂದಕ್ಕೆ ಮಾತ್ರ ಹಿಗ್ಗಿ ಸುಮ್ಮನಾಗಬೇಡಿ. ಇಂದು ಸಂಜೆಯೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿಸಿ ಕೇಳಿ. ತಡವರಿಸಿದರೆ ಗದರಬೇಡಿ, ಮುಚ್ಚಿಡಬೇಡಿ. ನಾಳೆ ಬೆಳಗ್ಗೆ ಟೀಚರನ್ನು ಕಂಡು ಮಾತಾಡಿ. ವರ್ಷ ಈಗಷ್ಟೇ ಆರಂಭವಾಗಿದೆ. ಮಗು ಒಂದು ಪದದ ಮುಂದೆ ನಿಂತಾಗ, ನೀವೂ ಅದರೊಡನೆ ಒಂದಿಷ್ಟು ನಿಲ್ಲಿ.