ಪೆಟ್ಟಿಗೆಯೊಳಗಿನ ತೇವ

ರಾತ್ರಿ ಹನ್ನೊಂದೂವರೆಗೆ ಪ್ರಯೋಗಾಲಯದ ಗಾಜಿನ ಪೆಟ್ಟಿಗೆಯೊಳಗೆ ಟಿಕ್ ಎಂದು ಸಣ್ಣ ಸದ್ದಾಯಿತು. ನೀಲಿಮಾ ಬಗ್ಗಿ ನೋಡಿದಳು. ವೋಲ್ಟೇಜ್ ಕೊಡುವ ತಂತಿಯ ಕ್ಲಿಪ್ಪು ಚಿಪ್‌ನಿಂದ ಕಳಚಿ ಬಿದ್ದಿತ್ತು.

ಅಂಚೆಚೀಟಿಯಷ್ಟಗಲದ ಆ ಚಿಪ್‌ನಿಂದಲೇ ಅವಳಿಗೆ ಡಾಕ್ಟರೇಟು, ನೌಕರಿ. ಚಿನ್ನದ ಸೂಕ್ಷ್ಮ ಚೌಕಗಳ ಮೇಲೆ ಒಂದೇ ಪರಮಾಣು ದಪ್ಪದ ಗ್ರಾಫೀನ್ ಹಾಳೆ. ಅದು ಟೆರಾಹರ್ಟ್ಸ್ ಅಲೆಗಳನ್ನು ನುಂಗುತ್ತದೆ, ವೋಲ್ಟೇಜ್ ಏರಿಸಿದಷ್ಟೂ ನುಂಗುವುದು ಕಡಿಮೆಯಾಗುತ್ತದೆ ಎಂದು ಆರು ವರ್ಷದ ಹಿಂದೆ ತೋರಿಸಿದವಳು ಅವಳೇ. ಅದೇ ಪ್ರಯೋಗ ಸಂಶೋಧನಾ ವಿದ್ಯಾರ್ಥಿ ಮಧ್ವೇಶನಿಗೆ ನಾಲ್ಕು ವರ್ಷ ಹೆಣಗಿದರೂ ಬಂದಿರಲಿಲ್ಲ. ಅವನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ನಾಳೆ ಸಮಿತಿ ತೀರ್ಮಾನಿಸಲಿತ್ತು. ಚಿಪ್ ಸರಿಯಿದೆಯೇ ಎಂದು ಅಳೆದು ಹೇಳುವ ಕೆಲಸ ನೀಲಿಮಾಳ ಪಾಲಿಗೆ ಬಂದಿತ್ತು.

ತಂತಿ ಸಿಕ್ಕಿಸಲು ಎದ್ದವಳು ಪರದೆ ನೋಡಿ ಹಾಗೇ ನಿಂತಳು. ವೋಲ್ಟೇಜ್ ತಲುಪುತ್ತಲೇ ಇಲ್ಲ. ಆದರೂ ನುಂಗುವಿಕೆಯ ಗೆರೆ ಇಳಿಯುತ್ತಲೇ ಇತ್ತು, ಅವಳ ಪ್ರಬಂಧದಲ್ಲಿ ಅಚ್ಚಾದ ಹಾಗೆಯೇ.

ಅವಳ ಕಣ್ಣು ತೇವಮಾಪಕಕ್ಕೆ ಹೋಯಿತು. ನಲವತ್ತು. ಮೂವತ್ತೆಂಟು. ಪೆಟ್ಟಿಗೆಗೆ ಒಣಗಾಳಿ ತುಂಬಿದಂತೆ ಅದೂ ಇಳಿಯುತ್ತಿತ್ತು. ನೀರಾವಿಯೂ ಟೆರಾಹರ್ಟ್ಸ್ ಅಲೆಗಳನ್ನು ನುಂಗುತ್ತದೆ. ಅಂದರೆ ಬದಲಾಗುತ್ತಿದ್ದುದು ಗ್ರಾಫೀನ್ ಅಲ್ಲ, ಗಾಳಿಯಲ್ಲಿನ ನೀರಾವಿ. ಅವಳು ಯಾವಾಗಲೂ ಮುಚ್ಚಳ ಹಾಕಿದ ಕೂಡಲೇ ಅಳೆಯುತ್ತಿದ್ದಳು. ಮಧ್ವೇಶ ಗಾಳಿ ಪೂರ್ತಿ ಒಣಗಲೆಂದು ಎರಡು ತಾಸು ಕಾಯುತ್ತಿದ್ದ. ಅವನ ಗೆರೆ ಅಲ್ಲಾಡುತ್ತಿರಲಿಲ್ಲ. "ಇಂವಾ ಅಳತಿಗೂ ಮುಹೂರ್ತ ನೋಡ್ತಾನಪಾ" ಎಂದು ಗೈಡ್ ರಾಘಣ್ಣ ಸರ್ ಎಲ್ಲರೆದುರು ಚೇಷ್ಟೆ ಮಾಡುತ್ತಿದ್ದರು.

ಫೋನ್ ಬಂತು. ಸದಾಶಿವ ಪೇಠೆಯ ತನ್ನ ಬಾಡಿಗೆ ಖೋಲಿಯಿಂದ ಮಧ್ವೇಶ.

"ಅಕ್ಕಾರ, ಗೆರಿ ಇಳೀತೇನ್ರಿ?"

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇಳದದ."

"ಹಂಗಾರ ಚಿಪ್ ಛಲೋ ಅದ, ನನ್ನ ಕೈನ ಖೊಟ್ಟಿ." ನಗಲು ನೋಡಿದ. "ನಾಳೆ ನಾನ ಬಿಡ್ತೀನಿ ಅಂತ ಹೇಳಿಬಿಡ್ತೀನ್ರಿ. ಅವರ ಬಾಯಾಗಿಂದ ಯಾಕ ಕೇಳೂದು?"

"ಊಟಾ ಮಾಡೀಯೇನು?"

"ಆತ್ರಿ. ನಿಮಗ ಭಾಳ ತ್ರಾಸ ಕೊಟ್ಟೆ."

ಸಮಿತಿ ಬೆಳಿಗ್ಗೆ ಹತ್ತಕ್ಕೆ. ಅಷ್ಟರೊಳಗೆ ಅವಳು ಒಂದು ಮಾತು ಹೇಳಿದರೆ ಮಧ್ವೇಶ ಉಳಿಯುತ್ತಾನೆ. ಅವಳ ಪದವಿ, ಖಾಯಂ ಆಗಿ ಎರಡೇ ತಿಂಗಳಾದ ಕೆಲಸ ಉಳಿಯುವುದಿಲ್ಲ. ನೀಲಿಮಾ ವರದಿಯಲ್ಲಿ "ಚಿಪ್ ಸರಿಯಿದೆ" ಎಂದು ಬರೆದಳು. ಎಂದಿನಂತೆ ಸಲೀಸಾಗಿ ಸಹಿ ಹಾಕಿದಳು. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ವಾಕಡದ ಮನೆಯಲ್ಲಿ ಗಂಡ ಕೇದಾರ ಎದ್ದು ಬಾಗಿಲು ತೆರೆಯುತ್ತಾನೆ, ಯಾಕೆ ಮುಖ ಹೀಗಿದೆ ಎನ್ನುತ್ತಾನೆ. ಅವನಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದು ಅವಳು ಅಲ್ಲೇ ನಿಶ್ಚಯಿಸಿದಳು.